ನೆರಳೋ, ನೀರೋ

ಗುರುದೇವಿಯ ಕತ್ತು ಮತ್ತೆ ಎಡಕ್ಕೆ ವಾಲಿತು. ಶಾಂತವ್ವ ಎರಡೂ ಕೈಯಲ್ಲಿ ತಲೆ ಹಿಡಿದು ನೆಟ್ಟಗೆ ಮಾಡಿ, ಗಲ್ಲದ ಕೆಳಗಿನಿಂದ ಬಿಳಿ ವಸ್ತ್ರ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದಳು.

“ಇವತ್ತರ ಸುಮ್ಮ ಕುಂಡ್ರ ನಮ್ಮವ್ವ,” ಎಂದಳು ತಮ್ಮನ ಹೆಂಡತಿಯ ಹೆಣಕ್ಕೆ. “ಆಫೀಸಿನ್ಯಾಗ ದಿನಾ ಕುಂಡ್ರತಿದ್ದಿ, ನಮ್ಮ ಮುಂದ ಕುಂಡ್ರಾಕ ಏನ್ ಧಾಡಿ ನಿನಗ?” ಎಂದವಳೇ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಲಿಂಗಾಯತರ ಮನೆ, ಹೆಣವನ್ನು ಕೂರಿಸಿಯೇ ಇಡುತ್ತಾರೆ, ಕೂರಿಸಿಯೇ ಹೂಳುತ್ತಾರೆ. ಬೆಳಗಿನ ಜಾವ ಎದೆ ಒತ್ತಿಕೊಂಡು ಮಂಚದಿಂದೆದ್ದ ಗುರುದೇವಿ, ಗಂಡ ಶ್ರೀಶೈಲ ಆಟೋ ಹಿಡಿದು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಈಗ ಮಲ್ಲತ್ತಹಳ್ಳಿಯ ಮನೆಯ ಮುಂದೆ, ಶಾಮಿಯಾನದ ಕೆಳಗೆ, ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದಳು. ಬಂದವರೆಲ್ಲ ಹೂವು ಏರಿಸಿ ಕಾಲು ಮುಟ್ಟುತ್ತಿದ್ದರು.

ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ ಶಶಿಕಲಾಳ ಬ್ಯಾಗಿನಲ್ಲಿ ಮೊಬೈಲು ಗುರುಗುಟ್ಟಿತು. ಆಫೀಸಿನಲ್ಲಿ ಗುರುದೇವಿಯ ಪಕ್ಕದ ಕುರ್ಚಿ ಇವಳದು. ಕೆಲಸ ಕಲಿತದ್ದೂ ಆಕೆಯ ಕೈಯಲ್ಲೇ. ಯಾರಾದರೂ ಏನಾದರೂ ಅಂದುಕೊಂಡಾರೆಂದು ಗೇಟಿನಾಚೆಗೆ ಓಡಿಹೋಗಿ ಫೋನ್ ಕಿವಿಗಿಟ್ಟಳು.

“ಶಶಿ ಮೇಡಂ, ಇವತ್ತಿನ ಇಮೇಜ್ ಬಂತು.” ಆಫೀಸಿನಲ್ಲೇ ಉಳಿದಿದ್ದ ಸಿದ್ದೇಶ್. “ನಿನ್ನೆ ನೀವು ಹೇಳಿದ್ದೇ ಕರೆಕ್ಟು. ಅದು ನೆರಳಲ್ಲ, ಕೆರೇನೇ. ಕಪ್ಪೊಳಗೆ ಬಿಳಿ ಚುಕ್ಕಿ ಕಾಣ್ತಾ ಇದೆ, ಐಸ್ ತೇಲ್ತಾ ಇದೆ. ನೀರು ಕಟ್ಟೆ ತುದಿಗೆ ಬಂದ್ಬಿಟ್ಟಿದೆ ಮೇಡಂ.”

“ಉಗ್ರಪ್ಪ ಸಾರ್‌ಗೆ ಹೇಳಿದ್ರಾ?”

“ಎಷ್ಟ್ ಸಲ ಮಾಡಿದ್ರೂ ಸ್ವಿಚ್ ಆಫ್. ಅಲ್ಲೇ ಇದಾರಲ್ವಾ? ನೀವೇ ಹೇಳ್ಬಿಡಿ.”

ಉಪಗ್ರಹ ಕಳಿಸುವ ಚಿತ್ರಗಳಲ್ಲಿ ಹಿಮಾಲಯದ ಹಿಮವನ್ನೂ ಹಿಮನದಿಗಳನ್ನೂ ನೋಡುವುದು ಅವರ ಕೆಲಸ. ಹಿಮನದಿಯ ಮೂತಿಯಲ್ಲಿ ಕಲ್ಲು ಮಣ್ಣು ಗುಡ್ಡೆ ಬಿದ್ದು ತನ್ನಷ್ಟಕ್ಕೆ ಕಟ್ಟೆಯಾಗುತ್ತದೆ. ಅದರ ಹಿಂದೆ ಕರಗಿದ ನೀರು ನಿಲ್ಲುತ್ತದೆ. ಕಟ್ಟೆಯ ಮಣ್ಣಿನೊಳಗೂ ಹೆಪ್ಪುಗಟ್ಟಿದ ಹಿಮವೇ ಇರುವುದು. ಬೇಸಿಗೆಯಲ್ಲಿ ಅದು ಕರಗಿತೋ, ಕಟ್ಟೆ ಕೂತು ಕೆರೆಯಿಡೀ ಒಂದೇ ಏಟಿಗೆ ಕಣಿವೆಗೆ ಇಳಿಯುತ್ತದೆ. ಈ ಕಟ್ಟೆಯ ಕೆಳಗೆ ಒಂದು ಹಳ್ಳಿಯಿತ್ತು. ಹೊಳೆಯ ದಡದಲ್ಲಿ ಸೇತುವೆ ಕೆಲಸದವರ ಡೇರೆಗಳಿದ್ದವು. ಅಲ್ಲಿನ ಜಿಲ್ಲೆಗೆ ಎಚ್ಚರಿಕೆ ಹೋಗಬೇಕಾದರೆ ಆಫೀಸಿನ ಮುಖ್ಯಸ್ಥರಾದ ಉಗ್ರಪ್ಪನವರ ಹೆಸರಿನಲ್ಲೇ ಹೋಗಬೇಕು. ಆದರೆ ಕಳೆದ ಅಕ್ಟೋಬರ್‌ನಲ್ಲಿ ಅದೇ ಕಪ್ಪನ್ನು ನೋಡಿ ‘ನೆರಳು’ ಎಂದು ವರದಿ ಬರೆದವಳು ಈಗ ಕುರ್ಚಿಯಲ್ಲಿ ಕೂತಿದ್ದಳು.

ಉಗ್ರಪ್ಪ ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರು. ಹೆಸರಿಗಷ್ಟೇ ಉಗ್ರ, ಆಸಾಮಿ ಮಹಾ ಪುಕ್ಕಲು. ಕೆಟ್ಟವರೇನಲ್ಲ. ಶಶಿಕಲಾ ಹತ್ತಿರ ಹೋಗಿ ಪಿಸುಗುಟ್ಟಿದಳು. ಅವರ ಮುಖ ಸಣ್ಣಗಾಯಿತು.

“ಇವತ್ತಾ ಶಶಿಕಲಾ? ಅವರ ಎದುರಿಗೆ ನಿಂತ್ಕೊಂಡಾ?”

“ಸಾರ್, ಕೆಳಗೆ ಜನ ಇದಾರೆ.”

“ಅಲ್ಲಮ್ಮಾ, ಗುರುದೇವಿ ಅವರು ನೆರಳು ಅಂತ ಬರ್ದಿದಾರೆ. ನಾನೂ ಸೈನ್ ಹಾಕಿದೀನಿ. ಅವರು ಸತ್ತ ದಿನಾನೇ ಅವರ ರಿಪೋರ್ಟ್ ತಪ್ಪು ಅಂತ ಕಳಿಸಿದ್ರೆ ನೋಡ್ದೋರು ಏನಂತಾರೆ? ಹೆಂಗಸಿನ ಹೆಸರಿಗೆ ಮಸಿ ಬಳಿದಂಗೆ ಆಗಲ್ವಾ?”

“ನೀರು ನಾಳೆವರೆಗೆ ಕಾಯತ್ತಾ ಸಾರ್?”

“ಹೋದ ಸಲ ಏನಾಯ್ತು, ಮರೆತ್ಬಿಟ್ರಾ? ಈಗ್ಲೂ ನೆರಳೇ ಆಗಿದ್ರೆ?” ಅವರು ದನಿ ತಗ್ಗಿಸಿದರು. “ಮಣ್ಣು ಮುಗೀಲಿ. ನಾಳೆ ಬೆಳಿಗ್ಗೆ ಕೂತು ನೋಡೋಣ.”

ಅಷ್ಟರಲ್ಲಿ ಅಯ್ಯನವರು ಬಂದರು. ಭಜನೆಯವರು ತಾಳ ಎತ್ತಿಕೊಂಡರು. ಶಶಿಕಲಾಗೆ ಅಲ್ಲೇ ಕೂಗಿಬಿಡಲೇ ಅನ್ನಿಸಿತು; ಕುರ್ಚಿಯ ಕಡೆ ನೋಡಿ ಮತ್ತೆ ಕಂಬದ ಹತ್ತಿರ ಹೋಗಿ ನಿಂತಳು.

* * *

ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಶಿಕಲಾ ಪರದೆಯ ಮೇಲೊಂದು ಕಪ್ಪು ಮಚ್ಚೆ ಕಂಡು, “ಅಕ್ಕಾ, ಕೆರೆ!” ಎಂದು ಕುಣಿದಿದ್ದಳು. ಗುರುದೇವಿ ನಕ್ಕು ಅವಳ ಕೈ ಹಿಡಿದು ಆಫೀಸಿನ ತಾರಸಿಗೆ ಕರೆದೊಯ್ದಳು. ಅಲ್ಲಿ ನೀರಿನ ಟ್ಯಾಂಕಿನ ನೆರಳು ಬಿದ್ದಿತ್ತು. ಪಕ್ಕದಲ್ಲೇ ಟ್ಯಾಂಕು ಸೋರಿ ನಿಂತ ನೀರು. ಮೇಲಿನಿಂದ ನೋಡಿದರೆ ಎರಡೂ ಒಂದೇ ಕಪ್ಪು.

“ಮಧ್ಯಾಹ್ನ ಮತ್ತ ಬಂದು ನೋಡು, ಯಾವುದು ಸಣ್ಣದಾಗೇತಿ ಅಂತ. ಗುಡ್ಡದ ನೆರಳೂ ಹಂಗ. ಚಳಿಗಾಲದಾಗ ಸೂರ್ಯ ಕೆಳಗ ಇರ್ತಾನ, ನೆರಳು ಉದ್ದ. ಜೂನಿನ್ಯಾಗ ಮ್ಯಾಲ ಬರ್ತಾನ, ನೆರಳು ಗಿಡ್ಡ. ಕೆರಿ ಮಾತ್ರ ಜೂನಿನ್ಯಾಗ ಹಿಗ್ತೈತಿ. ತಿಳೀತಿಲ್ಲೋ ಹುಚ್ಚೀ?”

ಬಾಗಲಕೋಟೆ ಕಡೆಯ ಬಿಸಿಲಲ್ಲಿ ಬೆಳೆದ ಹೆಣ್ಣು. ಹಿಮ ಅನ್ನುವುದನ್ನು ಕಂಡದ್ದು ಪರದೆಯ ಮೇಲೆ, ಆಮೇಲೆ ಮನೆಯ ಫ್ರಿಜ್ಜಿನಲ್ಲಿ. ಅಲ್ಲಿ ಕಟ್ಟಿದ ಐಸನ್ನು ಯಾರಿಗೂ ಕೆರೆಯಲು ಬಿಡುತ್ತಿರಲಿಲ್ಲ. ತಾನೇ ಚಮಚದಲ್ಲಿ ಕೆದಕಿ, ಪದರ ಪದರ ನೋಡಿ, ಇದು ಹೊಸದು ಇದು ಹಳೇದು ಎನ್ನುತ್ತಿದ್ದಳು. ಚಂದ್ರಾ ಲೇಔಟಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಶ್ರೀಶೈಲ, ರಾಗಿ ಬೀಸಿಸಲು ಬಂದವರಿಗೆಲ್ಲ, “ನಮ್ಮ ಮನಿಯಾಕಿ ಹಿಮಾಲಯ ಕಾಯ್ತಾಳ್ರಿ. ಮೊಸರಿಡಾಕ ಮಾತ್ರ ಫ್ರಿಜ್ಜಿನ್ಯಾಗ ಜಾಗಾ ಇಲ್ಲ,” ಎಂದು ಹೇಳಿ ನಗುತ್ತಿದ್ದ. ಹೇಳುವಾಗ ಮುಖ ಊರಗಲವಾಗುತ್ತಿತ್ತು. ಬೀದಿಯ ಮಕ್ಕಳ ಬಾಯಲ್ಲಿ ಆಕೆ ‘ಸ್ಯಾಟಲೈಟ್ ಆಂಟಿ’.

ಆ ನಗುವೆಲ್ಲ ಇಂಗಿಹೋದದ್ದು ಒಂದು ಚಳಿಗಾಲದಲ್ಲಿ. ಎಲ್ಲೋ ಒಂದು ಕಣಿವೆಯ ಕಪ್ಪು ಕಂಡು ಗುರುದೇವಿ ನೀರು ಎಂದಳು. ಮೇಲಿನವರು ನಂಬಿದರು. ಒಂದು ಹಳ್ಳಿಯನ್ನೇ ಎಬ್ಬಿಸಿ ಗುಡ್ಡ ಹತ್ತಿಸಿದರು. ಜನ ಮಕ್ಕಳು ಮರಿ ಕುರಿ ಕಟ್ಟಿಕೊಂಡು ಹಿಮದ ಮೇಲೆ ಕೂತರು. ಒಬ್ಬ ಮುದುಕ ಚಳಿ ತಡೆಯದೆ ಸತ್ತ. ಮುಂದಿನ ಚಿತ್ರ ಬಂದಾಗ ಕಪ್ಪು ಅಲ್ಲಿಂದ ಸರಿದಿತ್ತು. ಬರೀ ನೆರಳು!

ಬೈದವರು ಬೈದರು, ಮರೆತವರು ಮರೆತರು. ಗುರುದೇವಿ ಮಾತ್ರ ಮರೆಯಲಿಲ್ಲ. ಕಪ್ಪು ಕಂಡಾಗಲೆಲ್ಲ ಆಕೆಯ ಕೈ ಮೌಸಿನ ಮೇಲೆ ತಡವರಿಸುತ್ತಿತ್ತು. ಕಳೆದ ಅಕ್ಟೋಬರ್‌ನಲ್ಲಿ ಈ ಕಟ್ಟೆಯ ಹಿಂದಿನ ಕಪ್ಪು ಪರದೆಗೆ ಬಂದಾಗ ಶಶಿಕಲಾ ಕೇಳಿದ್ದಳು: “ನೀರಿರಬಹುದಾ ಅಕ್ಕಾ?”

ಗುರುದೇವಿ ಬಹಳ ಹೊತ್ತು ನೋಡಿದಳು. ಕನ್ನಡಕ ತೆಗೆದು ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ.

“ನೆರಳು ಅಂತನ ಬರೀತೀನಿ ಶಶಿ. ನನಗ ಇನ್ನೊಂದು ಜೀವದ ಭಾರ ಬ್ಯಾಡ.”

ನಿನ್ನೆ ಸಂಜೆ, ಗುರುದೇವಿ ಮನೆಗೆ ಹೊರಟ ಮೇಲೆ ಜೂನ್ ತಿಂಗಳ ಚಿತ್ರ ಬಂತು. ಚಳಿಗಾಲದಿಂದ ಮುಚ್ಚಿದ್ದ ಹಿಮ, ಮೋಡ ಸರಿದಿತ್ತು. ಸೂರ್ಯ ನೆತ್ತಿಗೆ ಬಂದಿದ್ದರೂ ಕಪ್ಪು ಕುಗ್ಗಿರಲಿಲ್ಲ, ದುಪ್ಪಟ್ಟಾಗಿತ್ತು. ಫೋನಿನಲ್ಲಿ ಹೇಳುವುದು ಬೇಡ, ಬೆಳಿಗ್ಗೆ ಬಂದಾಗ ಮೆತ್ತಗೆ ತೋರಿಸೋಣ ಎಂದು ಶಶಿಕಲಾ ಪರದೆ ಆರಿಸಿ ಬಂದಿದ್ದಳು.

* * *

ಹೇರೋಹಳ್ಳಿಯ ಹತ್ತಿರದ ರುದ್ರಭೂಮಿಗೆ ಹೋಗುವ ದಾರಿ ಕೆಸರೋ ಕೆಸರು. ಗುರುದೇವಿಯನ್ನು ಚೌಕದ ಕುಣಿಯೊಳಗೆ ಇಳಿಸಿ ಕೂರಿಸಿದರು. ಅಯ್ಯನವರು ಆಕೆಯ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ತೊಡೆಯ ಮೇಲೆ ಬಿಲ್ವಪತ್ರೆ ಸುರಿದರು. ಶಶಿಕಲಾಳ ಫೋನಿಗೆ ಸಿದ್ದೇಶನ ಮೆಸೇಜು ಬಂತು. ಚಿತ್ರವನ್ನು ದೊಡ್ಡದು ಮಾಡಿ ನೋಡಿದ್ದಾನೆ. ಕಟ್ಟೆಯ ಹೊರಬದಿಯಲ್ಲಿ ಮಣ್ಣು ಒದ್ದೆಯಾಗಿದೆ.

ಶ್ರೀಶೈಲ ಮೊದಲ ಹಿಡಿ ಮಣ್ಣು ಎತ್ತಿಕೊಂಡು ಕುಣಿಯ ಅಂಚಿಗೆ ಬಂದ. ಅಯ್ಯನವರು ಅವನನ್ನು ತಡೆದು, ಅವರ ಊರ ಕಡೆಯ ಪದ್ಧತಿಯಂತೆ ಸುತ್ತ ನೆರೆದವರ ಕಡೆ ತಿರುಗಿದರು.

“ಈ ತಾಯಿಯಿಂದ ಯಾರಿಗರ ತಪ್ಪಾಗಿದ್ರ ಈಗ ಹೇಳ್ರಿ. ಇಲ್ಲಂದ್ರ ಹೊಟ್ಟ್ಯಾಗ ಹಾಕ್ಕೊಂಡು ಕಳಿಸಿಕೊಡ್ರಿ.”

ಈ ಪ್ರಶ್ನೆಗೆ ಉತ್ತರ ಒಂದೇ. “ಏನೂ ಇಲ್ರಿ, ಏನೂ ಇಲ್ಲ,” ಎಂದರು ಜನ. ಶಾಂತವ್ವ ಕೈ ಮುಗಿದಳು. ಉಗ್ರಪ್ಪ ನೆಲ ನೋಡಿದರು.

“ಇದೆ,” ಎಂದಳು ಶಶಿಕಲಾ.

ಎಲ್ಲರೂ ತಿರುಗಿದರು. ತನ್ನ ದನಿ ತನಗೇ ಪರಕೀಯವಾಗಿ ಕೇಳಿತು. ಆದರೂ ನಿಲ್ಲಿಸಲಿಲ್ಲ.

“ಅಕ್ಕನಿಂದ ಒಂದ್ ತಪ್ಪಾಗಿದೆ. ನೀರನ್ನ ನೆರಳು ಅಂತ ಬರ್ದಿದಾರೆ. ಬೆಟ್ಟದ ಮೇಲೆ ಕೆರೆ ತುಂಬಿದೆ, ಕಟ್ಟೆ ಸೋರ್ತಾ ಇದೆ. ಕೆಳಗಿನೋರಿಗೆ ಇನ್ನೂ ಗೊತ್ತಿಲ್ಲ.”

“ಶಶಿಕಲಾ, ಸುಮ್ನಿರಮ್ಮ,” ಎಂದರು ಉಗ್ರಪ್ಪ.

ಶಾಂತವ್ವ ಸಿಡಿದೆದ್ದಳು. “ಏನ್ ಹುಡುಗೀನ ನೀನು! ಕುಣ್ಯಾಗ ಕುಂತಾಕಿ ಮ್ಯಾಲ ತಪ್ಪು ಹೊರಸ್ತೀಯಲ್ಲ? ಅನ್ನ ಹಾಕಿ ಕೆಲಸಾ ಕಲಿಸಿದಾಕಿ ಅಕಿ! ನಾಲಿಗಿ ಹೆಂಗ ಬಂತ ನಿನಗ?”

ಶ್ರೀಶೈಲ ಶಾಂತವ್ವನ ಕಡೆ ಕೈ ಎತ್ತಿ ಸುಮ್ಮನಾಗಿಸಿದ. ಇನ್ನೊಂದು ಕೈಯಲ್ಲಿ ಮಣ್ಣು ಹಾಗೇ ಇತ್ತು.

“ಖಾತ್ರಿ ಐತೇನು ನಿನಗ?”

“ಇದೆ ಅಣ್ಣಾ. ಜೂನಲ್ಲಿ ನೆರಳು ಚಿಕ್ಕದಾಗ್ಬೇಕು, ಇದು ದೊಡ್ಡದಾಗಿದೆ. ಅಕ್ಕ ನೋಡಿದ್ರೂ ಇದನ್ನೇ ಹೇಳ್ತಿದ್ರು.”

“ಮತ್ತ ಸಾಹೇಬ್ರು ಯಾಕ ಹೇಳಿಲ್ಲ?”

ಉಗ್ರಪ್ಪ ಕರ್ಚೀಫು ತೆಗೆದು ಮುಖ ಒರೆಸಿಕೊಂಡರು. “ನೋಡಿ ಶ್ರೀಶೈಲ ಅವರೇ, ಇವತ್ತು ಅವರ ಹೆಸರಿಗೆ ಕಳಂಕ ಬರೋದು ಬೇಡ ಅಂತ... ನಿಮ್ಮ ಮನಸ್ಸಿಗೂ ನೋವಾಗತ್ತೆ. ಬೆಳಿಗ್ಗೆ ಮೊದಲ ಕೆಲಸ ಅದೇ ಮಾಡ್ತೀನಿ.”

“ನನ್ನ ಮನಸ್ಸಿನ ಮಾತು ಬಿಡ್ರಿ,” ಎಂದ ಶ್ರೀಶೈಲ. “ಆ ಮುದುಕ ಸತ್ತಾಗಿಂದ ಈಕಿ ಒಂದು ರಾತ್ರೀನೂ ನೆಟ್ಟಗ ಮಲಗಿಲ್ಲ. ಹಾಸಿಗಿ ಮ್ಯಾಲ ಹಿಂಗ ಕುಂತಿರ್ತಿದ್ಲು. ನೀರು ಕುಡಿ ಅಂದ್ರ ಕುಡೀತಿರ್ಲಿಲ್ಲ, ಮಾತಾಡು ಅಂದ್ರ ಮಾತಾಡ್ತಿರ್ಲಿಲ್ಲ. ಈಗ ಒಂದು ಊರಿನ ಭಾರ ಕಟ್ಟಿ ಕಳಸ್ತೀರೇನ್ರಿ? ನೀವು ಫೋನ್ ಮಾಡೂತನಕ ನಾ ಮಣ್ಣು ಹಾಕೂದಿಲ್ಲ.”

“ಏ ತಮ್ಮಾ, ಹೊತ್ತಾಗ್ತೈತೋ,” ಎಂದಳು ಶಾಂತವ್ವ.

“ಆಗಲಿ.”

ಗುದ್ದಲಿ ಹಿಡಿದವರು ಗುದ್ದಲಿ ಊರಿ ನಿಂತರು. ಉಗ್ರಪ್ಪ ಅಯ್ಯನವರ ಮುಖ ನೋಡಿದರು. ಅಯ್ಯನವರು ಶ್ರೀಶೈಲನ ಕಡೆ ಕೈ ತೋರಿಸಿದರು. ಕೊನೆಗೆ ಉಗ್ರಪ್ಪ ಜೇಬಿನಿಂದ ಫೋನ್ ತೆಗೆದು ಆನ್ ಮಾಡಿದರು. ಸಿಗ್ನಲ್ ಇರಲಿಲ್ಲ. ಸಮಾಧಿಗಳ ನಡುವೆ ಅತ್ತ ಹೋದರು, ಇತ್ತ ಬಂದರು, ಕಾಂಪೌಂಡಿನ ಹತ್ತಿರ ಒಂದು ಕಲ್ಲು ಹತ್ತಿ ನಿಂತರು. ಶೂಗೆಲ್ಲ ಕೆಸರು ಮೆತ್ತಿತ್ತು.

“ಹಲೋ, ಸಿದ್ದೇಶ್! ಜಿಲ್ಲೆಗೆ ಈಗ್ಲೇ ಫೋನ್ ಮಾಡಿ, ನನ್ನ ಹೆಸರು ಹೇಳಿ. ಫ್ಯಾಕ್ಸೂ ಹಾಕಿ. ಹಳ್ಳಿ, ಡೇರೆ, ಎಲ್ಲಾ ಖಾಲಿ ಮಾಡ್ಸಿ ಮೇಲಕ್ಕೆ ಹತ್ತಿಸ್ಬೇಕು ಅಂತ. ಏನು? ಕೇಳ್ತಾ ಇಲ್ಲ... ಹಳೇ ರಿಪೋರ್ಟಾ?” ಅವರು ಒಮ್ಮೆ ಕುಣಿಯ ಕಡೆ ನೋಡಿ ದನಿ ಇಳಿಸಿದರು. “ಅದು... ತಪ್ಪು ಅಂತ ಬರೀರಿ.”

ಆ ಕಡೆಯವನಿಗೆ ಕೇಳಿಸಲಿಲ್ಲ. ಉಗ್ರಪ್ಪ ಫೋನಿಗೆ ಕೈ ಅಡ್ಡ ಹಿಡಿದು ಅದನ್ನೇ ಮತ್ತೆ ಹೇಳಿದರು. ಆಗಲೂ ಕೇಳಿಸಲಿಲ್ಲ.

“ಜೋರ ಹೇಳ್ರಿ ಸಾಹೇಬ್ರ!” ಕುಣಿಯ ಅಂಚಿನಿಂದ ಶ್ರೀಶೈಲ ಕೂಗಿದ. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು. “ಇನ್ನಾ ಜೋರ ಹೇಳ್ರಿ! ಅವರಿಗೆ ಕೇಳಸ್ಲಿ!”

“ಗುರುದೇವಿ ಅವರದ್ದು ತಪ್ಪು!” ಉಗ್ರಪ್ಪ ಇಡೀ ರುದ್ರಭೂಮಿಗೆ ಕೇಳುವಂತೆ ಕಿರುಚಿದರು. “ತಪ್ಪು ರೀ, ತಪ್ಪು! ಅದು ನೀರು! ಹಾಕಿದ್ರಾ? ಹೋಯ್ತಾ? ... ಹ್ಞಾ. ಜಿಲ್ಲೆಯೋರು ಫೋನ್ ಎತ್ತಿದ್ರಾ? ಸರಿ, ಲೈನಲ್ಲೇ ಇರಿ.”

ಶಾಂತವ್ವ ಕಿವಿ ಮುಚ್ಚಿಕೊಂಡು ಕೂತುಬಿಟ್ಟಿದ್ದಳು. ಶಶಿಕಲಾ ಹೋಗಿ ಅವಳ ಪಕ್ಕದಲ್ಲೇ ಕೂತಳು. ಮುದುಕಿ ಬೈಯಲಿಲ್ಲ, ದೂಡಲೂ ಇಲ್ಲ.

ಶ್ರೀಶೈಲ ಬಗ್ಗಿ ಮುಷ್ಟಿ ಬಿಚ್ಚಿದ. ಇಷ್ಟು ಹೊತ್ತು ಹಿಸುಕಿ ಹಿಡಿದಿದ್ದ ಮಣ್ಣು ಪುಡಿಯಾಗಿ ಉದುರಲಿಲ್ಲ. ನಾಲ್ಕು ಬೆರಳಿನ ಅಚ್ಚು ಹೊತ್ತು ಗಟ್ಟಿ ಉಂಡೆಯಾಗಿತ್ತು. ಅದು ಹಾಗೇ ಹೋಗಿ ಗುರುದೇವಿಯ ಮಡಿಲಿನ ಬಿಲ್ವಪತ್ರೆಯ ಮೇಲೆ ಕೂತಿತು.