ಜಿಂಕೆ ಮೂಸಿ ಬಿಟ್ಟ ತೋಟ

ಹಲ್ಲಿನ ಡಾಕ್ಟರಮ್ಮ ಕಾರಿನ ಡಿಕ್ಕಿಯಿಂದ ಬುಟ್ಟಿಯೊಂದನ್ನು ಇಳಿಸಿ, ಅದರಲ್ಲಿದ್ದ ಬೋಳು ಕಡ್ಡಿಗಳನ್ನು ನರ್ಸರಿಯ ಮೇಜಿನ ಮೇಲೆ ಸುರಿದರು. ಎರಡು ವಾರದ ಹಿಂದೆ ಅವು ಇಲ್ಲಿಂದಲೇ ಒಯ್ದ ಗುಲಾಬಿ, ದಾಸವಾಳದ ಗಿಡಗಳು.

“ನಿನ್ನ ಗಿಡ ಜಿಂಕೆಗಳಿಗೆ ಬಹಳ ಹಿಡಿಸ್ತಮ್ಮ. ಒಂದೆಲೆನೂ ಉಳಿಸಿಲ್ಲ.”

ನರ್ಸರಿಯವಳು ಒಂದು ಕಡ್ಡಿಯನ್ನು ತಿರುಗಿಸಿ ನೋಡಿದಳು. “ನಿಮ್ಮ ಮನೆ ಕಾಡಿಗೆ ಅಂಟಿಕೊಂಡಿದೆಯಾ ಅಂತ ನಾನು ಕೇಳಲೇ ಇಲ್ಲ. ತಪ್ಪು ನಂದೇ ಡಾಕ್ಟ್ರೇ. ಮೂರು ವಾರ ಕೊಡಿ. ಜಿಂಕೆ ಮೂಸಿ ನೋಡಿ ಮುಂದೆ ಹೋಗೋ ಅಂಥ ತೋಟ ಮಾಡಿಕೊಡ್ತೀನಿ.”

ಡಾಕ್ಟರಮ್ಮ ಹೋದ ಮೇಲೆ, ಚೀಟಿಗಳ ಮೇಲೆ ಗಿಡಗಳ ಹೆಸರು ಬರೆಯುತ್ತ ಕೂತಿದ್ದ ನರ್ಸರಿಯವಳ ಮಾವ ಕನ್ನಡಕದ ಮೇಲಿಂದ ನೋಡಿದರು. ಮೂವತ್ತು ವರ್ಷ ಮೇಷ್ಟರಾಗಿದ್ದವರು.

“ಎದೆ ತಟ್ಟಿ ಹೇಳಿಬಿಟ್ಟೆಯಲ್ಲಮ್ಮ! ಯಾವ ಗಿಡ ಅಂತ ಗೊತ್ತಾ?”

“ಪುಸ್ತಕದಲ್ಲಿರೋದು ಗೊತ್ತು ಮಾವ. ಮಿಕ್ಕಿದ್ದು ಜಿಂಕೆಗಳನ್ನೇ ಕೇಳೋಣ.”

ಮರುದಿನ ಇಬ್ಬರೂ ಹದಿನೆಂಟು ಬಗೆಯ ಗಿಡಗಳನ್ನು ಡಾಕ್ಟರಮ್ಮನ ಹಿತ್ತಿಲಿನ ಅಂಚಿನಲ್ಲಿ ಸಾಲಾಗಿ ಇಟ್ಟುಬಂದರು. ಆಮೇಲೆ ದಿನಾ ಬೆಳಿಗ್ಗೆ ಮಾವ ನೋಟ್‌ಬುಕ್ ಹಿಡಿದು ಹೊರಡುತ್ತಿದ್ದರು. ತಿಂದ ಗಿಡ ಫೇಲು, ಮುಟ್ಟದ್ದು ಪಾಸು, ಒಂದು ಬಾಯಿ ಹಾಕಿ ಬಿಟ್ಟದ್ದಕ್ಕೆ ಕೃಪಾಂಕ. ಘಾಟು ವಾಸನೆಯ ರೋಸ್‌ಮೆರಿ, ಲ್ಯಾವೆಂಡರ್, ಪುದೀನ ಗೆದ್ದವು. ಎಲೆಯ ಮೇಲೆ ಉಣ್ಣೆಯಂಥ ರೋಮವಿದ್ದ ಗಿಡಗಳೂ ಗೆದ್ದವು. ಕಣಗಿಲೆಯನ್ನು ಯಾವ ಪ್ರಾಣಿಯೂ ಮುಟ್ಟಲಿಲ್ಲ. ಆದರೆ ಅದು ವಿಷದ ಗಿಡ, ಅಂಗಳದಲ್ಲಿ ಡಾಕ್ಟರಮ್ಮನ ಪುಟ್ಟ ಮೊಮ್ಮಗಳು ಆಡುತ್ತಾಳೆ ಎಂದು ನರ್ಸರಿಯವಳು ಅದನ್ನು ಕೈಬಿಟ್ಟಳು.

ಎರಡನೆಯ ವಾರ ಚೆಂಡು ಹೂವಿನ ಗಿಡ ಬುಡದವರೆಗೆ ಮಾಯವಾಗಿತ್ತು. ನರ್ಸರಿಯವಳ ಮುಖ ಸಪ್ಪಗಾಯಿತು. ಚೆಂಡು ಹೂವಿಗೆ ಜಿಂಕೆ ಬಾಯಿ ಹಾಕುವುದಿಲ್ಲವೆಂದು ಎಷ್ಟೋ ಜನಕ್ಕೆ ಹೇಳಿ ಮಾರಿದ್ದಳು.

ಕಾಫಿ ಲೋಟ ಹಿಡಿದೇ ಡಾಕ್ಟರಮ್ಮ ಬಂದರು. ಬಗ್ಗಿ, ಉಳಿದ ಮೋಟನ್ನು ರೋಗಿಯ ಬಾಯಿ ನೋಡುವ ಹಾಗೆ ನೋಡಿದರು.

“ಇದು ಜಿಂಕೆ ತಿಂದಿದ್ದಲ್ಲ ಕಣಮ್ಮ. ಜಿಂಕೆಗೆ ಮೇಲ್ಗಡೆ ಮುಂದಿನ ಹಲ್ಲೇ ಇಲ್ಲ, ಎಳೆದು ಹರಿಯುತ್ತೆ. ತುದಿ ನಾರುನಾರಾಗಿರಬೇಕು. ಇದು ನೋಡು, ಬ್ಲೇಡಲ್ಲಿ ಓರೆಯಾಗಿ ಕುಯ್ದ ಹಾಗಿದೆ. ಮೊಲ!”

ಮಾವ ಖುಷಿಯಿಂದ ‘ಫೇಲು’ ಹೊಡೆದುಹಾಕಿ ‘ಮರುಪರೀಕ್ಷೆ’ ಎಂದು ಬರೆದರು. ನರ್ಸರಿಯವಳು ಬುಡದ ಸುತ್ತ ಸಣ್ಣ ಜಾಲರಿ ಹಾಕಿ ಹೊಸ ಚೆಂಡು ಹೂ ಇಟ್ಟಳು. ಒಂದು ವಾರ ಕಳೆದರೂ ಅದು ನೆಟ್ಟಗೆ ನಿಂತಿತ್ತು.

ಆಮೇಲೆ ಕೆಲಸ ಸರಾಗವಾಯಿತು. ಹೊರ ಅಂಚಿಗೆ ಘಾಟಿನ ಗಿಡಗಳು, ಅವುಗಳ ಹಿಂದೆ ಚೆಂಡು ಹೂ, ಒಳಗೆ ಗುಲಾಬಿ. ಗುಲಾಬಿಯ ಸುತ್ತ ಸೊಂಟದೆತ್ತರದ ಎರಡು ಬೇಲಿ, ನಡುವೆ ನಾಲ್ಕಡಿ ಜಾಗ.

“ಇಷ್ಟು ಗಿಡ್ಡ ಬೇಲಿ ಅವಕ್ಕೆ ಯಾವ ಲೆಕ್ಕ?” ಎಂದರು ಡಾಕ್ಟರಮ್ಮ.

“ಒಂದೇ ಆಗಿದ್ರೆ ಹಾರಿಬಿಡ್ತವೆ. ಎರಡಿದ್ರೆ ನಡುವೆ ಸಿಕ್ಕಿಹಾಕ್ಕೊಳ್ಳೋ ಭಯ, ಹಿಂದೇಟು ಹಾಕ್ತವೆ.”

“ಸರಿ. ಆ ಪಕ್ಕದ ಕಾಲುದಾರಿನೂ ಮುಚ್ಚಿಬಿಡು.”

“ಅದನ್ನ ಮಾತ್ರ ಮುಚ್ಚಲ್ಲ ಡಾಕ್ಟ್ರೇ. ಗೊರಸಿನ ಗುರುತು ನೋಡಿ, ಹಳ್ಳಕ್ಕೆ ನೀರು ಕುಡಿಯೋಕೆ ಹೋಗೋ ದಾರಿ ಅದು. ಮುಚ್ಚಿದ್ರೆ ತೋಟದ ಮೇಲೇ ನುಗ್ತವೆ.”

ಡಾಕ್ಟರಮ್ಮ ಸ್ವಲ್ಪ ಗೊಣಗಿ ಒಪ್ಪಿಕೊಂಡರು.

ಗುಲಾಬಿ ಮೊದಲ ಸಲ ಹೂಬಿಟ್ಟ ವಾರ, ಸಂಜೆ, ಮೂವರೂ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತಿದ್ದರು. ಹೆಣ್ಣು ಜಿಂಕೆಯೊಂದು ಮರಿಯ ಜೊತೆ ಬಂತು. ಲ್ಯಾವೆಂಡರ್‌ಗೆ ಮೂತಿ ಇಟ್ಟು ತಲೆ ಕೊಡವಿತು. ಬೇಲಿಯ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಕಾಲುದಾರಿ ಹಿಡಿದು ಹಳ್ಳದ ಕಡೆ ಇಳಿಯಿತು.

“ಪಾಸು,” ಎಂದರು ಮಾವ, ಪಿಸುಮಾತಿನಲ್ಲಿ.

ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ಕಾಂಪೌಂಡಿನ ಮೇಲಿಂದ ತಲೆ ಎತ್ತಿದರು.

“ಏನ್ರೀ ಇದು ಅನ್ಯಾಯ! ನಿಮ್ಮಲ್ಲಿ ಉಪವಾಸ ಬಿದ್ದು ಎಲ್ಲಾ ನಮ್ಮನೆಗೆ ಊಟಕ್ಕೆ ಬರ್ತಿವೆ!”

ನರ್ಸರಿಯವಳು ಸೀರೆಯ ಮಣ್ಣು ಕೊಡವಿ ಎದ್ದಳು. “ಬೇಜಾರು ಮಾಡ್ಕೋಬೇಡಿ ಸಾರ್. ಬೆಳಿಗ್ಗೆ ಎಂಟಕ್ಕೆ ಬರ್ತೀನಿ. ಏನೇನು ತಿಂದಿವೆ ಅಂತ ತೋರಿಸಿ, ಸಾಕು.”