ಗೆಳತಿಯ ಬಿಲ್ಲೆ

ಯಾರು ಏನು ಹೇಳಿದರೂ 'ಆಯ್ತು' ಎನ್ನುವ ಹುಡುಗಿಗೆ ಕಾಲೇಜಿನವರು ಆಯ್ತಕ್ಕ ಎಂದೇ ಹೆಸರಿಟ್ಟಿದ್ದರು. ಓದಿನ ನಡುವೆ ಕೆಲವು ತಿಂಗಳು ದೂರದೂರಿನಲ್ಲಿ ಕೆಲಸ ಮಾಡಿ ಬರುವ ಯೋಜನೆಗೆ ಅವಳ ಹೆಸರು ಬಂದಾಗಲೂ ಅವಳು ಅಂದದ್ದು ಅಷ್ಟೇ. ರೈಲು ಹತ್ತಿಸುವಾಗ ಅವಳಮ್ಮ, "ಅಲ್ಲಿ ಯಾರ ಹತ್ರಾನೂ ನಿಷ್ಠುರ ಕಟ್ಕೋಬೇಡ ಕಣೇ" ಎಂದರು. ಅದಕ್ಕೂ ಆಯ್ತು. ಜೊತೆಗೆ ಹೊರಟಿದ್ದ ಗೆಳತಿಯ ತಾಯಿಯಂತೂ ಕಿಟಕಿಯ ಸರಳು ಬಿಡಲೇ ಇಲ್ಲ. "ಇವಳಿಗೆ ಮೈಮೇಲೆ ಎಚ್ಚರ ಇರಲ್ಲ. ನಿನ್ನನ್ನ ನಂಬಿ ಕಳಿಸ್ತಿದ್ದೀನಮ್ಮ."

ಆ ಗೆಳತಿಗೆ ಜಡೆ ಎಂದು ಹೆಸರು. ಅವಳು ತನ್ನ ಉದ್ದ ಕೂದಲನ್ನು ಬಿಚ್ಚಿ, ಬಾಚಿ, ಹೆಣೆಯುವಷ್ಟರಲ್ಲಿ ಉಳಿದವರು ಊಟ ಮುಗಿಸಿ ಕೈ ತೊಳೆದಿರುತ್ತಿದ್ದರು. ಮರೆವಿನಲ್ಲೂ ಅವಳನ್ನು ಮೀರಿಸುವವರಿರಲಿಲ್ಲ. ಕಳೆದುಬಿಟ್ಟಾಳೆಂದು ಅವಳ ಫೋನು ಕೂಡ ಆಯ್ತಕ್ಕನ ಚೀಲದಲ್ಲೇ ಇರುತ್ತಿತ್ತು.

ಕೆಲಸ ಸಿಕ್ಕಿದ್ದು ತರಕಾರಿ ಹೆಪ್ಪುಗಟ್ಟಿಸಿ ಡಬ್ಬ ತುಂಬುವ ಕಾರ್ಖಾನೆಯಲ್ಲಿ. ಹಿಂಭಾಗದಲ್ಲಿ ದೊಡ್ಡ ಫ್ರೀಜರ್ ಕೋಣೆ. ಅದರ ದಪ್ಪ ಬಾಗಿಲು ಮುಚ್ಚಿಕೊಳ್ಳುವ ಸದ್ದು ಕೇಳಿದಾಗಲೆಲ್ಲ ಆಯ್ತಕ್ಕನ ಎದೆ ಧಸಕ್ಕೆನ್ನುತ್ತಿತ್ತು. ಒಳಗಿನ ಹಿಡಿ ಮಂಜು ಕಟ್ಟಿಕೊಂಡು ಒಮ್ಮೊಮ್ಮೆ ತಿರುಗುತ್ತಲೇ ಇರಲಿಲ್ಲ. ರಿಪೇರಿಯವನು ಇಂದು ಬರುತ್ತಾನೆ, ನಾಳೆ ಬರುತ್ತಾನೆ ಎನ್ನುತ್ತಿದ್ದರು. ಆ ಪುಣ್ಯಾತ್ಮ ಬಂದಿರಲಿಲ್ಲ. ಹಾಗಾಗಿ ಎಲ್ಲರ ಜೀವವೂ ಬಾಗಿಲ ಪಕ್ಕದ ಒಂದು ಹಲಗೆಯ ಮೇಲೆ ನಿಂತಿತ್ತು. ಒಳಗೆ ಹೋಗುವವರು ತಮ್ಮ ಹೆಸರು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಅದರ ಮೊಳೆಗೆ ನೇತುಹಾಕಬೇಕು, ಹೊರಬಂದ ಮೇಲೆ ತೆಗೆದು ಗೇಟಿನ ಡಬ್ಬಿಗೆ ಹಾಕಬೇಕು.

"ಹಲಗೆ ಖಾಲಿ ಅಂದ್ರೆ ಕೋಣೆ ಖಾಲಿ" ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು. "ಇನ್ನೊಬ್ರ ಬಿಲ್ಲೆ ಮುಟ್ಟಿದವರು ಅವತ್ತೇ ಗಂಟುಮೂಟೆ ಕಟ್ಬೇಕು. ನಿಮ್ಮ ಪ್ರಿನ್ಸಿಪಾಲರು ಬಂದು ಹೇಳಿದ್ರೂ ಕೇಳಲ್ಲ."

ಮಾತೇನೋ ಸರಿಯೇ. ಆದರೆ ಕೇಳಿಸಿಕೊಂಡವರು ಕಾಲೇಜು ಹುಡುಗಿಯರು, ಹಾಜರಿ ಕೂಗುವಾಗ ಪಕ್ಕದವಳ ಪರವಾಗಿ ದನಿ ಬದಲಿಸಿ 'ಎಸ್ ಸಾರ್' ಎನ್ನುವುದನ್ನೇ ಸ್ನೇಹವೆಂದು ಕಲಿತವರು. ಜಡೆ ಬಿಲ್ಲೆಯನ್ನು ಹಲಗೆಯಲ್ಲೇ ಮರೆತು ಎರಡು ಸಲ ಬೈಸಿಕೊಂಡಿದ್ದಳು. ಇನ್ನೊಮ್ಮೆ ಮರೆತರೆ ಊರಿಗೆ ಕಳಿಸುವುದಾಗಿ ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದರು.

ಒಂದು ಸಂಜೆ ಕೆಲಸ ಮುಗಿದ ಸೈರನ್ ಕೂಗಿದಾಗ ಹಲಗೆಯ ಮೇಲೆ ಉಳಿದಿದ್ದು ಜಡೆಯ ಬಿಲ್ಲೆ ಒಂದೇ. ಮರೆಗುಳಿ, ಇವತ್ತೂ ಬಿಟ್ಟುಹೋಗಿದ್ದಾಳೆ ಎಂದು ಆಯ್ತಕ್ಕನಿಗೆ ನಗು ಬಂತು. ಮೇಸ್ತ್ರಿ ಅತ್ತ ತಿರುಗಿದ್ದು ನೋಡಿ ಬಿಲ್ಲೆಯನ್ನು ಮುಷ್ಟಿಯೊಳಗೆ ಸೇರಿಸಿಕೊಂಡು, ಗೇಟಿನ ಡಬ್ಬಿಗೆ ತಾನೇ ಹಾಕಿಬಿಟ್ಟರಾಯಿತು ಎಂದು ನಡೆದಳು. ಹಿಂದಿನಿಂದ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

ಬಸ್ಸಿನಲ್ಲಿ ಜಡೆ ಇರಲಿಲ್ಲ. ಮುಂದಿನ ಬಸ್ಸು ಹತ್ತಿರಬೇಕು ಅಂದುಕೊಂಡಳು. ಬಸ್ಸು ಗೇಟು ದಾಟುವಷ್ಟರಲ್ಲಿ ಚೀಲದೊಳಗೆ ಫೋನು ಹೊಡೆದುಕೊಂಡಿತು. ಜಡೆಯ ಅಮ್ಮ. ಕೆಲಸ ಮುಗಿದ ಕೂಡಲೇ ಓಡಿ ಬಂದು ಫೋನು ಕಿತ್ತುಕೊಳ್ಳುವ ಹುಡುಗಿ ಇವತ್ತು ಕೇಳಲೇ ಇಲ್ಲವಲ್ಲ! ಅವಳು ಹೊರಗೆ ಬಂದೇ ಇಲ್ಲ. ಬಿಲ್ಲೆ ಮರೆತದ್ದಲ್ಲ.

"ನಿಲ್ಸಿ! ಬಸ್ ನಿಲ್ಸಿ!"

ಓಡಿ ಬಂದಾಗ ಮೇಸ್ತ್ರಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು.

"ಸಾರ್, ಫ್ರೀಜರ್ ತೆಗೀರಿ. ನನ್ನ... ನನ್ನ ಕೈಗವಸು ಒಳಗಿದೆ."

ಇಂಥ ಹೊತ್ತಿನಲ್ಲೂ ಅವಳ ಬಾಯಿಗೆ ಬಂದದ್ದು ಸುಳ್ಳು. ಅವಳನ್ನು ಬಯ್ಯಬೇಕೆನಿಸುತ್ತದೆ, ಆದರೆ ಅಷ್ಟು ದೂರ ಬಂದು ಹೆಸರು ಕೆಡಿಸಿಕೊಂಡು ಮನೆಗೆ ಮರಳುವ ಭಯ ಸಣ್ಣದಲ್ಲ.

"ನಾಳೆ ತಗೊಳ್ಳಮ್ಮ. ಮನೆಗೆ ಹೋಗು."

"ಒಳಗೆ ಯಾರಾದ್ರೂ ಇದ್ರೆ?"

"ಹಲಗೆ ನೋಡೇ ಬೀಗ ಹಾಕಿದ್ದು. ಖಾಲಿ ಇತ್ತು." ಮೇಸ್ತ್ರಿ ಎರಡು ಹೆಜ್ಜೆ ನಡೆದೂ ಆಗಿತ್ತು.

"ಖಾಲಿ ಇರ್ಲಿಲ್ಲ!" ಅವಳು ಅವರ ತೋಳು ಹಿಡಿದು ಜಗ್ಗಿದಳು. ಜೀವಮಾನದಲ್ಲಿ ದೊಡ್ಡವರೊಬ್ಬರ ಮೇಲೆ ಅವಳು ಹಾಗೆ ಕಿರುಚಿದ್ದು ಅದೇ ಮೊದಲು. "ಅವಳ ಬಿಲ್ಲೆ ನಾನು ತೆಗ್ದೆ. ಅವಳು ಒಳಗಿದ್ದಾಳೆ. ನನ್ನನ್ನ ಊರಿಗೆ ಕಳಿಸಿ, ಏನಾದ್ರೂ ಮಾಡಿ, ಮೊದ್ಲು ಬಾಗಿಲು ತೆಗೀರಿ!"

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಬಯ್ಯಲಿಲ್ಲ. ಓಡಿಹೋಗಿ ಬೀಗಕ್ಕೆ ಕೀಲಿ ಹಾಕಿದರು.

ಜಡೆ ಡಬ್ಬಗಳ ಸಾಲಿನ ಹಿಂದೆ ಕುಳಿತಿದ್ದಳು, ಸಿಕ್ಕ ರಟ್ಟುಗಳನ್ನೆಲ್ಲ ಮೈಗೆ ಸುತ್ತಿಕೊಂಡು. ತುಟಿ ನೀಲಿಗಟ್ಟಿತ್ತು. ಉಸಿರಿತ್ತು. ಹೊರಗೆ ತಂದು ಕಂಬಳಿ ಹೊದಿಸಿದರು. ಮೇಸ್ತ್ರಿ ಆಂಬುಲೆನ್ಸಿಗೆ ಫೋನು ಮಾಡಿ ಪಕ್ಕದಲ್ಲೇ ಕುಕ್ಕರಿಸಿದರು. ಆಯ್ತಕ್ಕ ಗೆಳತಿಯ ಕೈಗಳನ್ನು ತನ್ನ ಅಂಗೈಗಳ ನಡುವೆ ಹಿಡಿದು ಕೂತಳು. ಅವು ಬದುಕಿರುವವರ ಕೈಗಳ ಹಾಗೆ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಜಡೆಯ ಹಲ್ಲು ಕಟಕಟ ಬಡಿಯತೊಡಗಿತು. ಅದರ ನಡುವೆಯೇ ಮಾತು ಬಂತು.

"ಸೈರನ್ ಆದ್ಮೇಲೆ... ಕೊನೇ ಸಾಲು ಜೋಡಿಸೋಣ ಅಂತ ನಿಂತೆ. ಬಾಗಿಲು ಬಡಿದೆ, ಕೂಗಿದೆ. ಆಮೇಲೆ ಸುಮ್ನೆ ಕೂತೆ ಕಣೇ. ಅಳಲೂ ಇಲ್ಲ." ನಗಲು ನೋಡಿದಳು, ತುಟಿ ಬಗ್ಗಲಿಲ್ಲ. "ನನ್ನ ಬಿಲ್ಲೆ ಹಲಗೆ ಮೇಲಿದೆಯಲ್ಲ, ಯಾರಾದ್ರೂ ನೋಡೇ ನೋಡ್ತಾರೆ ಅಂತ ಧೈರ್ಯ."

ಮೇಸ್ತ್ರಿ ತಲೆ ಎತ್ತಿ ಆಯ್ತಕ್ಕನನ್ನು ನೋಡಿದರು. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ಹೊತ್ತು ಹಾಗೇ ದಾಟಿಹೋಗುತ್ತಿತ್ತು.

"ಹಲಗೆ ಮೇಲಿರ್ಲಿಲ್ಲ ಕಣೇ. ನೀನು ಮರೆತಿದ್ದೀಯ ಅಂತ ನಾನೇ ತೆಗ್ದುಬಿಟ್ಟೆ."

ಜಡೆ ಅವಳನ್ನೇ ನೋಡುತ್ತಾ ಕೂತಳು. ಬೆರಳುಗಳಿಗೆ ಆಗಷ್ಟೇ ಬಿಸಿ ಮರಳುತ್ತಿತ್ತು. ಆ ಕೈಗಳನ್ನು ಅವಳು ಆಯ್ತಕ್ಕನ ಅಂಗೈಗಳಿಂದ ಮೆಲ್ಲಗೆ ಬಿಡಿಸಿಕೊಂಡು ಕಂಬಳಿಯ ಒಳಗೆಳೆದುಕೊಂಡಳು.