ಉಡಿ ತುಂಬಿ ಕಳಿಸಿದ ಇಂಜಿನ್

ಟಿಕೋಟಾದ ಬೆಂಕಿ ಆರಿಸುವ ಗಾಡಿಗೆ ಇಂಜಿನ್ ಹುಡುಕಿಕೊಡುತ್ತೇನೆಂದು ನಾನು ಒಪ್ಪಬಾರದಿತ್ತು. ಆದರೆ ಕೇಳಿದವಳು ಸೌಭಾಗ್ಯ. ಹೋದ ವರ್ಷ ಅವಳ ಒಣದ್ರಾಕ್ಷಿ ಶೆಡ್ಡಿಗೆ ಬೆಂಕಿ ಬಿತ್ತು. ವಿಜಯಪುರದಿಂದ ಗಾಡಿ ಬರಬೇಕು, ಹಾದಿಯೇ ಅಷ್ಟು ದೂರ. ಬರುವಷ್ಟರಲ್ಲಿ ಪರದೆ, ಬಲೆ, ಹಣ್ಣು ಎಲ್ಲ ಕರಗಿ ಒಂದೇ ಕರಿ ಮುದ್ದೆಯಾಗಿತ್ತು.

ಈ ವರ್ಷ ಏಳು ಶೆಡ್ಡಿನವರು ಸೇರಿ, ಹರಾಜಾದ ಹಳೆಯ ವಿಲಾಯತಿ ಬೆಂಕಿ ಗಾಡಿಯೊಂದನ್ನು ತಂದು ನಿಲ್ಲಿಸಿಕೊಂಡಿದ್ದರು. ಅಗ್ನಿಶಾಮಕ ದಳದಲ್ಲಿ ಅದನ್ನು ಇಪ್ಪತ್ತೆರಡು ವರ್ಷ ಓಡಿಸಿದವನು ನಾನು. ಪಂಪು ಗಟ್ಟಿ ಇತ್ತು, ಚಾಸಿ ಗಟ್ಟಿ ಇತ್ತು. ಇಂಜಿನ್ ಮಾತ್ರ ಉದ್ದಕ್ಕೆ ಸೀಳಿತ್ತು.

"ಹದಿನೈದು ದಿನಕ್ಕ ಹಣ್ಣ ಹರವತೀವ್ರಿ ಕಾಕಾ. ಬ್ಯಾರೆ ಇಂಜಿನ್ ಸಿಗತೈತಿಲ್ಲೋ?" ಎಂದಳು ಸೌಭಾಗ್ಯ.

"ಸಿಗತೈತಿ ತಂಗಿ. ನಾನ ಓಡಿಸಿ ತೋರಿಸ್ತೀನಿ," ಅಂದುಬಿಟ್ಟೆ. ಎಲ್ಲರ ಮುಂದೆ.

ಆ ಗಾಡಿಯ ಪಂಪು ಮೂತಿಯ ಮೇಲಿದೆ. ಇಂಜಿನ್ನಿನ ಮುಂದಿನ ತುದಿ ಪಂಪನ್ನು ತಿರುಗಿಸಬೇಕು, ಹಿಂದಿನ ತುದಿ ಗೇರುಬಾಕ್ಸಿಗೆ ಕೂತು ಗಾಲಿಯನ್ನು ತಿರುಗಿಸಬೇಕು. ಎರಡೂ ಕಡೆ ಹೊಂದಬೇಕು. ನನಗೆ ಇಂಚು, ಮಿಲಿಮೀಟರು ತಿಳಿಯದು. ಅಳತೆಯನ್ನೆಲ್ಲ ಸುತಳಿಯಲ್ಲಿ ಗಂಟು ಹಾಕಿಕೊಂಡು ಗಾಂಧಿ ಚೌಕದ ಹಿಂದಿನ ಓಣಿಗೆ, ಮಿಸ್ತ್ರಿ ಫೈಜಲನ ಗ್ಯಾರೇಜಿಗೆ ಹೋದೆ. ಫೈಜಲನಿಗೂ ಈಗ ಐವತ್ತರ ಮೇಲೆ.

"ಚಾಚಾ, ಈ ಗಾಡಿ ಹುಟ್ಟಿದಾಗ ನಮ್ಮಪ್ಪಂದ ಲಗ್ನಾ ಆಗಿರಲಿಲ್ಲ," ಎಂದ ಅವನು. "ಇದಕ್ಕ ಇಂಜಿನ್ ಬ್ಯಾಡ, ಗೋರಿ ಹುಡುಕ್ರಿ."

ಅಂದರೂ ಬಂದ. ಗೋಳಗುಮ್ಮಟದ ಆಚೆಯ ಗುಜರಿಯಲ್ಲಿ ಸಿಕ್ಕ ಇಂಜಿನ್ ಒಂದು ಗೇಣು ಉದ್ದವಾಯಿತು. ಬಬಲೇಶ್ವರದ ಹಿಟ್ಟಿನ ಗಿರಣಿಯದು ತೀರ ನಿಧಾನ ತಿರುಗುತ್ತಿತ್ತು, ಪಂಪಿಗೆ ಸಾಲದು. ಮತ್ತೊಂದಕ್ಕೆ ಮುಂದಿನ ತುದಿಯೇ ಮೋಟು. ಹೀಗೆ ಒಂಬತ್ತು ದಿನ ಹೋದವು. ದಿನಾ ಸಂಜೆ ಸೌಭಾಗ್ಯಳ ಫೋನು ಬರುತ್ತಿತ್ತು. ನಾನು "ನಾಳೆ ನೋಡೂಣು" ಅನ್ನುತ್ತಿದ್ದೆ.

ಹತ್ತನೆಯ ದಿನ ಚಹಾ ಕುಡಿಯುವಾಗ ನೆನಪಾಯಿತು. ನಮ್ಮ ಗಾಡಿಯದೇ ಜೋಡಿ ಇನ್ನೊಂದಿತ್ತು. ಅದನ್ನು ಬಿಚ್ಚಿ ಮಾರಿದಾಗ ಇಂಜಿನ್ ಕೊಂಡವನು ಮಮದಾಪುರದ ಈರಯ್ಯ, ಬಾವಿಯಿಂದ ನೀರೆತ್ತಲು. ಚಕ್ಕಡಿಗೆ ಎತ್ತಿ ಇಡುವಾಗ ಸರಪಳಿ ಹಿಡಿದವನು ನಾನೇ.

ಈರಯ್ಯ ತೀರಿ ಹೋಗಿ ಆರು ವರ್ಷವಾಗಿತ್ತು. ಅವನ ಹೆಂಡತಿ ಲಕ್ಕವ್ವ ನಮ್ಮನ್ನು ಬಾವಿಗೆ ಕರೆದೊಯ್ದಳು. ಈಗ ಕೊಳವೆಬಾವಿ ಇದೆ, ಆದರೂ ಅಮಾವಾಸ್ಯೆಗೊಮ್ಮೆ ಈ ಇಂಜಿನ್ ಚಾಲೂ ಮಾಡುತ್ತಾಳಂತೆ. ಬಾವಿಯ ಗೋಡೆಯ ಕಲ್ಲಿನ ಗೂಡಿನಲ್ಲಿ ಕುಂಕುಮ ಬಳಿದುಕೊಂಡು ಕೂತಿತ್ತು. ಹಿಂಭಾಗಕ್ಕೆ ಆಯುಧ ಪೂಜೆಯಲ್ಲಿ ಉಡಿಸಿದ ಇಳಕಲ್ಲ ಸೀರೆಯ ತುಂಡು. ಚಾಲೂ ಮಾಡಿದಳು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು. ಸುತಳಿ ಹಿಡಿದು ಮುಂದಿನ ತುದಿ ಅಳೆದೆ. ಗಂಟಿಗೆ ಗಂಟು ಕೂತಿತು.

"ಒಯ್ರೆಪಾ," ಎಂದಳು ಲಕ್ಕವ್ವ. "ಆದರ ಮನಿ ಮಗಳಂಗ ಇದ್ದದ್ದು, ಬರಿಗೈಲೆ ಕಳಸಂಗಿಲ್ಲ."

ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ, ಆ ಸೀರೆಯ ಮೇಲೆಯೇ ಹಿಂಭಾಗಕ್ಕೆ ಬಿಗಿದು ಕಟ್ಟಿ ಉಡಿ ತುಂಬಿದಳು. "ಹಾದ್ಯಾಗ ಬಿಚ್ಚಬ್ಯಾಡ್ರಿ. ಹೋದ ಮನಿ ಹೆಣಮಗಳು ಬಿಚ್ಚಬೇಕು."

ಫೈಜಲ ನನ್ನ ಕಿವಿಯಲ್ಲಿ, "ಚಾಚಾ, ಹಿಂದ ಒಮ್ಮೆ ನೋಡೂಣಲಾ," ಎಂದ.

"ಸುಮ್ಮನಿರಲೇ. ಉಡಿಗೆ ಕೈ ಹಾಕ್ತಿಯೇನು?"

ಚೈನ್ ಪುಲಿ ಹಾಕಿ, ಸೀರೆ ಸಮೇತ ಎತ್ತಿ ಟೆಂಪೋಕ್ಕೆ ಇಟ್ಟೆವು.

ಟಿಕೋಟಾದಲ್ಲಿ ಏಳೂ ಶೆಡ್ಡಿನವರು ಕಾದಿದ್ದರು. ಸೌಭಾಗ್ಯ ಉಡಿ ಬಿಚ್ಚಿ ತನ್ನ ಸೆರಗಿಗೆ ಹಾಕಿಕೊಂಡಳು. ಸೀರೆ ತೆಗೆದಳು. ಗೇರುಬಾಕ್ಸಿನ ಬೋಲ್ಟು ಕೂಡುವ ಕಿವಿಗಳಿರಲಿಲ್ಲ. ಎರಡೂ ಕಡೆ ನೀಟಾಗಿ ಕೊಯ್ದು ತೆಗೆದಿದ್ದರು.

ಲಕ್ಕವ್ವನಿಗೆ ಫೋನು ಮಾಡಿದೆ. "ಹೌದಲ್ರಿ," ಎಂದಳು. "ಗೂಡಿನ್ಯಾಗ ಹಿಡೀಲಿಲ್ಲಂತ ನಮ್ಮನಿಯವರು ಮೂರ ದಿನ ಗರಗಸಲೆ ಕೊಯ್ದಾರ. ನೀವು ನೋಡೀರಿ ಅಂತ ತಿಳದಿದ್ನಿ."

ಫೈಜಲ ಬೀಡಿ ಹಚ್ಚಿದ. "ನಾ ಏನಂದಿದ್ನಿ?"

"ಅಂದಿದ್ದಿ. ವೆಲ್ಡಿಂಗ್ ಹಿಡಿಯೂದಿಲ್ಲೇನು?"

"ಬೀಡ ಕಬ್ಬಿಣ ಐತಿ ಚಾಚಾ, ಬೆಸಿಗಿ ನಿಂದರಂಗಿಲ್ಲ. ಗಾಡಿ ಭಾರಕ್ಕ ಮೊದಲನೇ ದಿಬ್ಬದಾಗ ಕಳಚತೈತಿ."

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಸೌಭಾಗ್ಯ ಸೆರಗಿನ ಅಕ್ಕಿಯನ್ನು ಹಿಡಿದುಕೊಂಡೇ ನಿಂತಿದ್ದಳು.

"ಪಂಪ ತಿರಗತೈತೋ ಇಲ್ಲೋ ಅಷ್ಟ ಹೇಳ್ರಿ ಕಾಕಾ."

"ಪಂಪ ತಿರಗತೈತಿ. ಗಾಲಿ ತಿರಗಂಗಿಲ್ಲ."

"ಹಂಗಾರ ಒಂದ ಕಡೆ ನಿಂದರಲಿ."

"ಇದು ಗಾಡಿ ಅಲ್ಲವಾ, ಕೆಂಪ ಬಣ್ಣ ಹಚ್ಚಿದ ಪಂಪಸೆಟ್ಟು," ಎಂದ ಫೈಜಲ. ಒಂದಿಬ್ಬರು ನಕ್ಕರು. ನನಗೂ ನಗು ಬಂತು, ಅರ್ಧಕ್ಕೆ ನಿಂತಿತು.

ಎರಡು ದಿನ ಕೂತು ಇಂಜಿನ್ನನ್ನು ಚಾಸಿಗೆ ಬಿಗಿದೆವು. ಹಿಂದೆ ಆಧಾರಕ್ಕೆ ಕಬ್ಬಿಣದ ಪಟ್ಟಿ ಕೊಟ್ಟೆವು. ಎರಿ ಹೊಲದ ಕರಿ ಮಣ್ಣಿನಲ್ಲಿ ಅಷ್ಟು ಭಾರದ ಗಾಡಿಯನ್ನು ಬೆಂಕಿ ಬಿದ್ದಲ್ಲಿಗೆ ಎಳೆದುಕೊಂಡು ಓಡಲಾಗದು. ಎರಡು ಟ್ರ್ಯಾಕ್ಟರು ಕಟ್ಟಿ, ಖಾಲಿ ಟ್ಯಾಂಕಿನಲ್ಲಿ, ಒಮ್ಮೆ ಮಾತ್ರ ಕೃಷಿಹೊಂಡದ ದಂಡೆಗೆ ಎಳೆಸಿದೆವು. ನೀರಿರುವುದು ಅಲ್ಲೊಂದೇ ಕಡೆ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಓಡಿಸಿದ್ದು ಅಷ್ಟೇ.

ಇಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಪೈಪು ಬಿಚ್ಚಿ ಎಳೆದರು. ನೀರು ಮೊದಲ ಶೆಡ್ಡಿನ ತಗಡಿನ ಮೇಲೆ ಬಿತ್ತು, ಎರಡನೆಯದಕ್ಕೆ ಬಿತ್ತು, ಹಾಗೆ ಆರನೆಯದರ ತನಕ ಹೋಯಿತು. ಕೊನೆಯ ಏಳನೆಯದು ಸೌಭಾಗ್ಯಳದು, ಹೊಸದಾಗಿ ಕಟ್ಟಿಸಿದ್ದು. ಅದರ ಅಂಗಳದ ಈಚೆಗೇ ನೀರು ನೆಲಕ್ಕೆ ಬಿದ್ದುಬಿಟ್ಟಿತು.

ಫೈಜಲ ಇಂಜಿನ್ನನ್ನು ಇನ್ನಷ್ಟು ಏರಿಸಿದ. ಪೈಪಿನ ಜೋಡಿನಿಂದ ನೀರು ಚಿಮ್ಮಿತೇ ಹೊರತು ಮುಂದೆ ಹೋಗಲಿಲ್ಲ.

"ಸಾಕ ಇಳಸ್ರಿ," ಎಂದಳು ಸೌಭಾಗ್ಯ. ಆರನೆಯ ಶೆಡ್ಡಿನ ಅನುರಾಧಾ ಅಲ್ಲೇ ನಿಂತಿದ್ದಳು. ಅವಳ ಕಡೆ ತಿರುಗಿ, "ಯಕ್ಕಾ, ಈ ವರ್ಷ ನಿಮ್ಮ ಶೆಡ್ಡಿನ್ಯಾಗ ನನಗೊಂದ ಎರಡ ಸಾಲು ಜಾಗಾ ಕೊಡ್ತೀಯೇನ?" ಎಂದು ಕೇಳಿದಳು.

"ಎರಡ ಯಾಕ, ಮೂರ ತಗೋ ಬೇ," ಎಂದಳು ಅನುರಾಧಾ.

ಸೌಭಾಗ್ಯ ತನ್ನ ಶೆಡ್ಡಿನ ಪರದೆಗಳನ್ನು ಇಳಿಸಲು ಹೋದಳು. ನಾನು ಹೊಂಡದ ದಂಡೆಯಿಂದ ಕಲ್ಲು ಆರಿಸಿ ತಂದು ಗಾಡಿ ಅಲುಗದಂತೆ ಗಾಲಿಗಳಿಗೆ ಅಡ್ಡ ಕೊಟ್ಟೆ. ಒಂದೊಂದು ಗಾಲಿಯ ಹತ್ತಿರವೂ ಕೂತು ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು.